ಪಾಕದೋಷ ವಿಚಾರ

ಅರಸರು ಏನನ್ನು ಉಂಡರೆಂಬುದನ್ನು ನಮ್ಮ ಪೂರ್ವಿಕರು ಗ್ರಂಥಸ್ಥಗೊಳಿಸಿರುವರು. ದೇವಾಲಯಗಳಲ್ಲಿ ನಿತ್ಯನೈವೇದ್ಯಕ್ಕೆಂದು ಎಷ್ಟು ಅಕ್ಕಿ, ಎಷ್ಟು ತುಪ್ಪ ಬಿಟ್ಟರೆಂಬುದನ್ನು ಶಿಲಾಶಾಸನಗಳು ಸಾರುತ್ತಿವೆ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಸಾಧಾರಣ ಗೃಹಸ್ಥನ ಮನೆಯ ಒಲೆಯ ಮೇಲೆ ಏನು ಬೆಂದಿತು, ಅದರಲ್ಲಿ ಏನು ಕೆಟ್ಟಿತು, ಕೆಟ್ಟುದನ್ನು ಯಾರು ಹೇಗೆ ಸರಿಪಡಿಸಿದರು ಎಂಬುದನ್ನು ಚರಿತ್ರೆಯ ವಿಷಯವೆಂದು ಎಣಿಸಿದವರು ವಿರಳ. ದಿನಕ್ಕೆರಡು ಸಲ, ಎಲ್ಲ ಮನೆಗಳಲ್ಲಿಯೂ, ಎಲ್ಲ ಕಾಲದಲ್ಲಿಯೂ ನಡೆದು ಬಂದ ಕಾರ್ಯವೊಂದು ಇಷ್ಟು ಅಲಕ್ಷ್ಯಕ್ಕೆ ಪಾತ್ರವಾದುದು ನ್ಯಾಯವಲ್ಲ. ಆದಕಾರಣ ಈ ಲೇಖನದಲ್ಲಿ ಆ ವಿಷಯವನ್ನು ಕುರಿತು ನನಗೆ ತಿಳಿದಷ್ಟನ್ನು ವಾಚಕ ಮಹಾಶಯರ ಮುಂದಿಡುವೆನು.

ಮೊದಲು ಶಾಸ್ತ್ರದಿಂದಲೇ ಪ್ರಾರಂಭಿಸೋಣ. ನಮ್ಮ ವೈಯಾಕರಣರಿಗೆ ಅಡಿಗೆಮನೆಯ ಮೇಲೆ ವಿಶೇಷವಾದ ಪ್ರೀತಿಯಿದ್ದಂತೆ ತೋರುತ್ತದೆ. ಕಾರಕಗಳನ್ನು ಬೋಧಿಸಬೇಕಾದಾಗಲೆಲ್ಲ ಅವರಿಗೆ ದೇವದತ್ತನೆಂಬ ಒಬ್ಬ ಪುರುಷನೂ, ಒಂದು ಪಾತ್ರೆಯೂ, ಸೌದೆಯೂ, ಅಕ್ಕಿಯೂ ಬೇಕು. ಕ್ರಿಸ್ತಪೂರ್ವ 2ನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವ ಪತಂಜಲಿಯು ತನ್ನ ಮಹಾಭಾಷ್ಯದಲ್ಲಿ 'ಅಡುವುದು' ಎಂಬುದು ಒಂದೇ ಕ್ರಿಯೆಯಲ್ಲವೆಂದೂ, ಪಾತ್ರೆಯನ್ನು ಒಲೆಗೇರಿಸುವುದು, ನೀರೆರೆಯುವುದು, ಅಕ್ಕಿ ಹಾಕುವುದು, ಸೌದೆಯನ್ನು ಸರಿಸುವುದು ಮುಂತಾದ ಹಲವು ವ್ಯಾಪಾರಗಳ ಸಮೂಹವೆಂದೂ ವಿವರಿಸಿರುವನು. ಪಾತ್ರೆಯೊಳಗಿನ ಒಂದು ಅಗುಳನ್ನು ಹಿಸುಕಿ ನೋಡಿ ಉಳಿದ ಅನ್ನವೆಲ್ಲ ಬೆಂದಿತೆಂದು ನಿರ್ಣಯಿಸುವ ಸ್ಥಾಲೀಪುಲಾಕ ನ್ಯಾಯವನ್ನೂ ಅವನು ಬಳಸಿಕೊಂಡಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆಯೂ ಅನ್ನ ಬೆಂದಿತೋ ಇಲ್ಲವೋ ಎಂಬ ಸಂದೇಹವು ಮನೆಮನೆಯಲ್ಲಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಪಾಠವು ನನಗೆ ಎರಡು ಸಲ ಆಯಿತು. ಪಾಠಶಾಲೆಯಲ್ಲಿ ನಾವು ವಿದ್ಯಾರ್ಥಿಗಳು ಸರದಿಯಂತೆ ಅಡಿಗೆ ಮಾಡಿಕೊಳ್ಳುತ್ತಿದ್ದೆವು. ಗುರುಗಳು ಮಧ್ಯಾಹ್ನ 'ಪಚ್' ಧಾತುವಿನ ಅರ್ಥವನ್ನು ಎರಡು ಘಂಟೆಗಳ ಕಾಲ ಬಿಡಿಸಿ ಹೇಳಿದ ದಿನವೇ ರಾತ್ರಿಯೂಟದ ಸರದಿ ನನ್ನದಾಗಿದ್ದಿತು. ಅನ್ನಕ್ಕಿಟ್ಟು, ಒಲೆಯ ಪಕ್ಕದಲ್ಲಿಯೇ ಕುಳಿತು ಪಾಠವನ್ನು ಚಿಂತನೆ ಮಾಡುತ್ತಿದ್ದೆನು. ಚಿಂತನೆ ಮುಗಿಯುವಷ್ಟರಲ್ಲಿ ಅನ್ನವು ತಳ ಹಿಡಿದು ಸೀದು, ಹೊಗೆಯು ಓದುವ ಪಡಸಾಲೆಯವರೆಗೂ ಬಂದಿತು. ಗಾಬರಿಯಿಂದ ಸೌಟು ಹಾಕಿ ಕೆದಕಿದೆನಾಗಿ ತಳದ ಕಮರು ಮೇಲಿನ ಒಳ್ಳೆಯ ಅನ್ನಕ್ಕೂ ಹತ್ತಿತು. ಗುರುಗಳು ಆ ಅನ್ನವನ್ನೇ ಬಡಿಸಿಕೊಂಡು, ಮಜ್ಜಿಗೆ ಹಾಕಿಸಿಕೊಂಡು ಉಂಡರು. ಕೈ ತೊಳೆದ ಮೇಲೆ, "ನಿನಗೆ ಧಾತು ಬಂದಿತಪ್ಪ, ಕ್ರಿಯೆ ಇನ್ನೂ ಬರಲಿಲ್ಲ" ಎಂದಿಷ್ಟೇ ಹೇಳಿದರು.

ಸೀದ ಅನ್ನಕ್ಕೆ ಶಾಸ್ತ್ರದಲ್ಲಿ ಸ್ಥಾನವುಂಟೆಂಬುದು ನನಗೆ ಬಹುಕಾಲದ ಮೇಲೆ ತಿಳಿಯಿತು. ನಳ ಮಹಾರಾಜನ ಹೆಸರಿನಲ್ಲಿ ಪ್ರಚಾರದಲ್ಲಿರುವ 'ಪಾಕದರ್ಪಣ'ವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನದ ದೋಷಗಳು ಎಂಟೆಂದು ಎಣಿಸಿದೆ. ಗಂಜಿ ಬಸಿಯದೆ ಉಳಿದುದು, ಅಂಟಂಟಾದುದು, ಅಶುಚಿಯಾದುದು, ಸೀದುದು ಇವೆಲ್ಲ ಆ ಎಣಿಕೆಯಲ್ಲಿ ಸೇರಿವೆ. ಮಹಾಭಾರತದಲ್ಲಿ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಬಳಿಯಲ್ಲಿ ಮರೆಸಿಕೊಂಡಿದ್ದಾಗ ದಮಯಂತಿಯು ಅವನ ಅಡಿಗೆಯ ರುಚಿಯಿಂದಲೇ ಅವನ ಗುರುತು ಹಿಡಿದಳಷ್ಟೆ. ಅಂಥವನ ಹೆಸರು ಹೊತ್ತ ಗ್ರಂಥವು ಕೂಡ ಕೆಟ್ಟ ಅನ್ನದ ಮಾತನ್ನು ಎತ್ತಿಕೊಂಡಿರುವುದು ಗಮನಾರ್ಹ. ಕೆಡುವುದೂ ಅಡಿಗೆಯ ಒಂದು ಅಂಗವೇ ಎಂಬುದನ್ನು ಶಾಸ್ತ್ರಕಾರನು ಬಲ್ಲವನಾಗಿದ್ದನು.

ಇನ್ನು ನಮ್ಮ ಕನ್ನಡನಾಡಿನ ಕಡೆಗೆ ಬರೋಣ. ಅಡಿಗೆ ಎಂಬುದು 'ಅಡು' ಎಂಬ ಅಚ್ಚಗನ್ನಡ ಧಾತುವಿನಿಂದ ಹುಟ್ಟಿದ ಮಾತು. ಅಡಿಗೆಯವನಿಗೆ ಹಳಗನ್ನಡದಲ್ಲಿ ಬಾಣಸಿಗನೆಂಬ ಹೆಸರುಂಟು. ಇದು ಸಂಸ್ಕೃತದ ಮಹಾನಸದ ತದ್ಭವವಾದ ಬಾಣಸದಿಂದ ಬಂದುದು. ಶಾಲಿವಾಹನ ಶಕ 947ರಲ್ಲಿ, ಎಂದರೆ ಕ್ರಿಸ್ತಶಕ 1025ರಲ್ಲಿ, ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಕೃಷಿ, ವೈದ್ಯ, ವಾಸ್ತು ಮುಂತಾದ ವಿಷಯಗಳೊಡನೆ ಪಾಕಶಾಸ್ತ್ರವೂ ಸೇರಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಕೂಡಿಸಿ ಇಡ್ಡಲಿಗೆಯನ್ನು ಮಾಡುವ ಕ್ರಮವು ಅಲ್ಲಿದೆ. ಅದಕ್ಕೂ ನೂರು ವರ್ಷಗಳ ಹಿಂದಿನ 'ವಡ್ಡಾರಾಧನೆ'ಯಲ್ಲಿಯೇ ಇಡ್ಡಲಿಗೆಯ ಹೆಸರು ಬರುತ್ತದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿಯೂ ಇಡರಿಕೆಯುಂಟು. ಅದೂ ಕೇವಲ ಉದ್ದಿನದು. ಅಕ್ಕಿಯನ್ನು ಬೆರಸಿ, ಹಿಟ್ಟನ್ನು ರಾತ್ರಿಯೆಲ್ಲ ಹುಳಿಬರಿಸಿ, ಹಬೆಯಲ್ಲಿ ಬೇಯಿಸುವ ಈಗಿನ ಪದ್ಧತಿಯು ಆ ಕಾಲದ ಗ್ರಂಥಗಳಲ್ಲಿ ಕಾಣುವುದಿಲ್ಲವೆಂದು ಆಹಾರಚರಿತ್ರೆಯ ಪ್ರಸಿದ್ಧ ವಿದ್ವಾಂಸರಾದ ಕೆ. ಟಿ. ಅಚಯ ಅವರು ತೋರಿಸಿಕೊಟ್ಟಿರುವರು. ಹಾಗಾದರೆ ಹಿಟ್ಟನ್ನು ಹುಳಿಬರಿಸುವುದು ಯಾರಿಗೆ ಮೊದಲು ಹೊಳೆಯಿತು? ಯಾವಳೋ ಒಬ್ಬ ಗೃಹಿಣಿಯು ಅರೆದಿಟ್ಟ ಹಿಟ್ಟನ್ನು ಮರೆತು ಮಲಗಿ, ಬೆಳಿಗ್ಗೆ ಉಬ್ಬಿ ಹೊರಚೆಲ್ಲಿದ್ದನ್ನು ಕಂಡು, ಚೆಲ್ಲಲು ಮನಸ್ಸು ಬಾರದೆ ಬೇಯಿಸಿ ನೋಡಿರಬೇಕೆಂಬುದು ನನ್ನ ಊಹೆ. ಇದು ಪ್ರಮಾಣವಲ್ಲ, ಊಹೆಯೇ. ಆದರೆ ಅಡಿಗೆಮನೆಯ ಸ್ವಭಾವವನ್ನು ಬಲ್ಲವರು ಇದನ್ನು ಅಸಂಭವವೆಂದು ಹೇಳಲಾರರು.

ಕಲ್ಲಹಳ್ಳಿಯ ಪ್ರಭುವಾದ ಮೂರನೆಯ ಮಂಗರಸನು 1508ರ ಸುಮಾರಿನಲ್ಲಿ 'ಸೂಪಶಾಸ್ತ್ರ'ವನ್ನು ಬರೆದನು. ಜೈನನಾದುದರಿಂದ ಅವನದು ಶುದ್ಧ ಶಾಕಾಹಾರದ ಪಾಕ. ಷಟ್ಪದಿಯಲ್ಲಿ ಬದನೆಯ ಕಾಯಿಪಲ್ಯಗಳನ್ನು ವರ್ಣಿಸುವ ಕವಿಗಳು ಲೋಕದಲ್ಲಿ ಬಹಳ ಮಂದಿಯಿಲ್ಲ. ಈ ಗ್ರಂಥದ ಕಾಲವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಪೋರ್ಚುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಅಮೆರಿಕ ಖಂಡದ ಬೆಳೆಯಾದ ಮೆಣಸಿನಕಾಯಿಯು ಅವರ ಮೂಲಕ ಪಶ್ಚಿಮ ತೀರಕ್ಕೆ ಬಂದು ನೆಲೆಯೂರಿತು. ಅದಕ್ಕೆ ಮೊದಲು ನಮ್ಮವರ ಖಾರವೆಲ್ಲ ಮೆಣಸು, ಶುಂಠಿ, ಹಿಪ್ಪಲಿಗಳದು. ಭಾಷೆಯೇ ಇದಕ್ಕೆ ಸಾಕ್ಷಿ. ಹೊಸದಾಗಿ ಬಂದ ಕಾಯಿಗೆ ಹೆಸರಿಲ್ಲದೆ, ಮೆಣಸಿನಂತೆ ಖಾರವಾದ ಕಾಯಿ ಎಂದು ಮೆಣಸಿನಕಾಯಿ ಎಂದರು. ಕಾಲಕ್ರಮದಲ್ಲಿ ಬಂದವನೇ ಯಜಮಾನನಾಗಿ, ಮನೆಯವನು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಂಡು ತನ್ನ ಗುರುತನ್ನು ಹೇಳಿಕೊಳ್ಳಬೇಕಾಯಿತು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದನ್ನು ನೋಡಿದರೆ, ಪರದೇಶಿಯು ಎಷ್ಟು ಪೂರ್ತಿಯಾಗಿ ನಾಡಿಗನಾದನೆಂಬುದು ತಿಳಿಯುತ್ತದೆ. ಸೀಮೆಬದನೆಯಾದರೋ ತನ್ನ ಪರದೇಶದ ಗುರುತನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ಈ ಹೊಸ ಕಾಯಿಯನ್ನು ಮೊದಲ ಸಲ ಸಾರಿಗೆ ಹಾಕಿದ ಸಂಜೆ ಮೆಣಸಿನ ಅಳತೆಯಲ್ಲಿಯೇ ಹಾಕಿರಬಹುದಲ್ಲವೆ? ಆ ರಾತ್ರಿ ಉಂಡವರ ಅವಸ್ಥೆಯನ್ನು ಯಾವ ಕವಿಯೂ ಬರೆದಿಟ್ಟಿಲ್ಲ.

ನಿತ್ಯದ ಪಾಕದೋಷಗಳಿಗೆ ಕಾರಣಗಳುಂಟು. ನಮ್ಮ ಹೆಂಗಸರು ಆ ಕಾರಣಗಳನ್ನು ರಸಾಯನಶಾಸ್ತ್ರದ ಮಾತಿನಲ್ಲಿ ಹೇಳದಿದ್ದರೂ ನಿಯಮವಾಗಿ ಬಲ್ಲರು. ಬೇಳೆ ಬೇಯುವುದಕ್ಕೆ ಮೊದಲು ಹುಣಿಸೆಯ ಹುಳಿಯನ್ನು ಹಾಕಬಾರದೆಂದು ಅಜ್ಜಿಯರು ಹೇಳುತ್ತಿದ್ದರು. ಆಮ್ಲವು ಸೇರಿದರೆ ಬೇಳೆಯ ಕಣಗಳನ್ನು ಬಂಧಿಸಿರುವ ದ್ರವ್ಯವು ಸಡಿಲವಾಗದೆ ಬೇಳೆಯು ಕಲ್ಲಾಗಿಯೇ ಉಳಿಯುವುದೆಂದು ವಿಜ್ಞಾನವು ಹೇಳುತ್ತದೆ. ಬಯಲುಸೀಮೆಯ ಗಡಸುನೀರಿನಲ್ಲಿ ಬೇಳೆ ತಡವಾಗಿ ಬೇಯುವುದು ಅದರಲ್ಲಿರುವ ಸುಣ್ಣದ ಅಂಶದಿಂದ. ಪಾಯಸದ ಹಾಲು ಕುದಿಯುತ್ತಿರುವಾಗ ಬೆಲ್ಲ ಹಾಕಿದರೆ ಹಾಲು ಒಡೆಯುವುದು. ಆದುದರಿಂದ ಪಾತ್ರೆಯನ್ನು ಕೆಳಗಿಳಿಸಿ, ಆರಿದ ಮೇಲೆ ಬೆಲ್ಲದ ಪಾಕವನ್ನು ಕೂಡಿಸುವುದು ವಾಡಿಕೆ. ಪಾತ್ರೆಯಲ್ಲಿ ನೀರಿರುವವರೆಗೆ ಅನ್ನದ ಶಾಖವು 100 ಡಿಗ್ರಿಯನ್ನು ಮೀರುವುದಿಲ್ಲ. ನೀರು ಇಂಗಿದ ಕೂಡಲೆ ತಳವು ಕಾಯ್ದು ಸೀಯುವುದು. ಸೀದಾಗ ಕೆದಕದೆ, ಪಾತ್ರೆಯನ್ನು ತಣ್ಣೀರಿನ ಮೇಲಿಟ್ಟು, ಮೇಲಿನ ಅನ್ನವನ್ನು ಮಾತ್ರ ಬೇರೆ ಪಾತ್ರೆಗೆ ತೆಗೆಯಬೇಕೆಂಬ ವಿಧಿಯನ್ನು ಪಾಠಶಾಲೆಯಲ್ಲಿ ಯಾರಾದರೂ ನನಗೆ ಹೇಳಿದ್ದರೆ ಅಂದಿನ ಅರ್ಧ ಊಟವಾದರೂ ಉಳಿಯುತ್ತಿದ್ದಿತು. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಏಳುವುದೆಂಬ ಭಯದಿಂದಲೇ ಕಲಾಯಿಯವನು ಬೀದಿಗೆ ಬಂದಾಗ ಮನೆಮನೆಯ ಪಾತ್ರೆಗಳೂ ಹೊರಬೀಳುತ್ತಿದ್ದುವು. ಹುಳಿಗೆ ಬಳಪದ ಕಲ್ಲಿನ ಮರಿಗೆಯನ್ನು ಬಳಸುತ್ತಿದ್ದುದೂ ಇದೇ ಕಾರಣದಿಂದ.

ಒಲೆಯ ಚರಿತ್ರೆಯೂ ಇದರಲ್ಲಿ ಸೇರಿದುದೇ. ಹಸಿ ಸೌದೆಯು ಹೊತ್ತದೆ ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡ ತಾಯಂದಿರ ಕಷ್ಟಕ್ಕೆ ಬೆಲೆ ಕಟ್ಟಿದವರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಪ್ರಯತ್ನದಿಂದ ಸ್ಥಾಪಿತವಾದ 'ಅಸ್ತ್ರ' ಕೇಂದ್ರದವರು ಹೊಗೆ ಕಡಮೆಯಾಗಿ, ಸೌದೆಯೂ ಉಳಿಯುವಂತೆ ಅಸ್ತ್ರ ಒಲೆಯನ್ನು ನಿರ್ಮಿಸಿದರು. 1959ರಿಂದೀಚೆಗೆ ನಮ್ಮ ದೇಶದಲ್ಲಿಯೇ ಕುಕ್ಕರುಗಳು ತಯಾರಾಗತೊಡಗಿದುವು. ಅದರೊಳಗಿನ ಶಾಖವು 120 ಡಿಗ್ರಿಯವರೆಗೂ ಏರುವುದರಿಂದ ಗಡಸುನೀರಿನ ಬೇಳೆಯೂ ಮಣಿಯಿತು. ಅನಿಲದ ಒಲೆಯು ಪಟ್ಟಣಗಳಲ್ಲಿ ಮೊದಲು ಹರಡಿ, 2016ರ ಉಜ್ಜ್ವಲಾ ಯೋಜನೆಯ ತರುವಾಯ ಬಡವರ ಮನೆಗಳನ್ನೂ ಹೊಕ್ಕಿತು. ದೋಷಗಳಂತೂ ಹೋಗಲಿಲ್ಲ, ರೂಪವನ್ನು ಬದಲಾಯಿಸಿದುವು. ಹಿಂದೆ ಅಗುಳನ್ನು ಹಿಸುಕಿ ನೋಡುತ್ತಿದ್ದವರು ಈಗ ಕೂಗುಗಳ ಎಣಿಕೆ ತಪ್ಪಿ ಅನ್ನವನ್ನು ಮುದ್ದೆ ಮಾಡುವರು.

ಇಷ್ಟು ಬರೆದ ಮೇಲೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಲೇಖನವು ಅಪೂರ್ಣವಾದೀತು. ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ರಾತ್ರಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ಸರಿಸಿ ಎದ್ದುಬಿಟ್ಟೆನು. ನಮ್ಮ ಮನೆಯವರು ಮರುಮಾತಾಡದೆ ಅದನ್ನೇ ಉಂಡರು. ಅಂದು ಮಗುವಿಗೆ ಜ್ವರವಿದ್ದು ಅವರು ಹಿಂದಿನ ರಾತ್ರಿಯೆಲ್ಲ ಎಚ್ಚರವಾಗಿದ್ದರೆಂಬುದು ನನಗೆ ಗೊತ್ತಿದ್ದೂ ಆಗ ನೆನಪಿಗೆ ಬರಲಿಲ್ಲ. ಗುರುಗಳು ನನ್ನ ಸೀದ ಅನ್ನವನ್ನು ಉಂಡದ್ದೂ ನೆನಪಿಗೆ ಬರಲಿಲ್ಲ. ಕಳೆದ ವರ್ಷ ಅವರು ಜಾರಿ ಬಿದ್ದು ಬಲಗೈ ಮೂಳೆ ಮುರಿದು, ಎರಡು ತಿಂಗಳು ಅಡಿಗೆಯ ಭಾರವು ನನ್ನ ಮೇಲೆ ಬಿದ್ದಿತು. ಮೂರನೆಯ ದಿನವೇ, ಹಾಕಿದ್ದನ್ನು ಮರೆತು, ಸಾರಿಗೆ ಎರಡನೆಯ ಸಲ ಉಪ್ಪು ಹಾಕಿದೆನು. ಒಂದು ತುತ್ತು ಉಂಡು ಅವರು ತಟ್ಟೆಯನ್ನು ಸರಿಸಲಿಲ್ಲ. "ಪರವಾಗಿಲ್ಲ ಬಿಡಿ. ಅದಕ್ಕೆ ಇನ್ನೊಂದಿಷ್ಟು ಬೇಳೆಕಟ್ಟು ಸೇರಿಸಿ, ಎರಡು ಅನ್ನದುಂಡೆ ಹಾಕಿ ಕುದಿಸಿ, ಆಮೇಲೆ ಉಂಡೆ ತೆಗೆದುಬಿಡಿ. ಇನ್ನು ಮೇಲೆ ರುಚಿ ನೋಡಿ ಉಪ್ಪು ಹಾಕಿ" ಎಂದರು. ಹಳೆಯ ಸಂಗತಿಯನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸಮಾಧಾನವಾಗುತ್ತಿದ್ದಿತು.

ಆ ರಾತ್ರಿ ನನಗೆ ತಿಳಿದ ವಿಷಯವಿದು. ಸೋಮೇಶ್ವರನು ದೊರೆ, ಮಂಗರಸನು ಪ್ರಭು, ಚಾವುಂಡರಾಯನು ಕವಿ, ಪತಂಜಲಿಯು ಮಹರ್ಷಿ. ದಿನನಿತ್ಯವೂ ಒಲೆಯ ಮುಂದೆ ಕುಳಿತವರು ಇವರಲ್ಲಿ ಯಾರೂ ಅಲ್ಲ. ಪಾಕವಿಧಾನಗಳು ತಾಳೆಗರಿಗೆ ಏರಿದುವು. ದೋಷಗಳ ಹೆಸರುಗಳೂ ಏರಿದುವು. ಹೊತ್ತು ಮೀರಿದ ರಾತ್ರಿಯಲ್ಲಿ ಕೆಟ್ಟ ಸಾರನ್ನು ಮನೆಮಂದಿಗೆ ಬಡಿಸುವಂತೆ ಮಾಡುವ ಪರಿಹಾರಗಳ ಬಹುಭಾಗವು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿಯೇ ಬಂದಿದೆ. ಆ ಸರಪಣಿಯ ಕೊಂಡಿಗಳು ನಮ್ಮ ಕಣ್ಣ ಮುಂದೆಯೇ ಕಳಚುತ್ತಿವೆ.

ಆದುದರಿಂದ ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆ. ಶಾಸನಗಳ ಪಡಿಯಚ್ಚನ್ನು ತೆಗೆಯುವ ಶ್ರದ್ಧೆಯಿಂದಲೇ, ತಮ್ಮ ತಮ್ಮ ಮನೆಯ ಹಿರಿಯ ಹೆಂಗಸರ ಬಳಿ ಕುಳಿತು, ಯಾವ ಅಡಿಗೆ ಹೇಗೆ ಕೆಡುತ್ತದೆ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಪಾತ್ರೆಯ ಹೆಸರು, ಅಳತೆಯ ಹೆಸರು, ಊರಿನ ಹೆಸರುಗಳನ್ನೂ ಬಿಡಬಾರದು. ನಾನು ನಮ್ಮ ಮನೆಯವರಿಂದ ಈವರೆಗೆ ನಲವತ್ತೊಂದು ಪರಿಹಾರಗಳನ್ನು ಬರೆದುಕೊಂಡಿದ್ದೇನೆ. ಮೊದಲನೆಯದು ಉಪ್ಪಿನದು.