ಬೈಲಕುಪ್ಪೆಯ ಬೌದ್ಧ ಸಂಘ: ನೆಲದಿಂದ ನೆಲೆಗೆ

ಕರ್ನಾಟಕದ ಬೌದ್ಧ ಇತಿಹಾಸವನ್ನು ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕನ ಶಾಸನಗಳಿಂದಲೂ ಸನ್ನತಿಯ ಸ್ತೂಪಾವಶೇಷಗಳಿಂದಲೂ ಆರಂಭಿಸುವುದು ವಾಡಿಕೆ. ಆ ಇತಿಹಾಸದ ಆಧುನಿಕ ಅಧ್ಯಾಯವೊಂದು ಮೈಸೂರು ನಗರದಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿರುವ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ರೂಪುಗೊಂಡಿತು. ಇದು ಪ್ರಾಚೀನ ಪರಂಪರೆಯ ಮುಂದುವರಿಕೆಯಲ್ಲ. ನೆಲೆ ಕಳೆದುಕೊಂಡ ಸಂಘವೊಂದು ಅಪರಿಚಿತ ನಾಡಿನಲ್ಲಿ ತನ್ನನ್ನು ಪುನಃ ಕಟ್ಟಿಕೊಂಡ ಪ್ರಯತ್ನ.

1959ರ ಲ್ಹಾಸಾ ದಂಗೆಯ ತರುವಾಯ ದಲಾಯಿ ಲಾಮಾ ಅವರೊಡನೆ ಸಾವಿರಾರು ಟಿಬೆಟನ್ನರು ಭಾರತವನ್ನು ಪ್ರವೇಶಿಸಿದರು. ಅವರ ಪುನರ್ವಸತಿಗಾಗಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಗುತ್ತಿಗೆಯ ಮೇಲೆ ಒದಗಿಸಿತು. 1960-61ರಲ್ಲಿ ಲುಗ್‌ಸುಂಗ್ ಸಮ್‌ದುಪ್‌ಲಿಂಗ್ ವಸಾಹತು ಅಸ್ತಿತ್ವಕ್ಕೆ ಬಂದಿತು. ಶೀತಪ್ರದೇಶದಿಂದ ಬಂದವರಿಗೆ ಇಲ್ಲಿಯ ಸೆಕೆ, ಮಳೆ, ಕಾಡಾನೆಗಳ ಹಾವಳಿ ಎಲ್ಲವೂ ಹೊಸತಾಗಿದ್ದವು.

ಞಿಂಗ್ಮಾ ಪಂಥದ ಪಲ್ಯುಲ್ ಪರಂಪರೆಯ ಪೆನೋರ್ ರಿಂಪೋಚೆ ಅವರು ಸ್ವದೇಶದಿಂದ ಹೊರಟಾಗ ಅವರೊಂದಿಗೆ ಸುಮಾರು 300 ಜನರಿದ್ದರು. ಭಾರತವನ್ನು ತಲುಪಿದವರು ಸುಮಾರು 30 ಮಂದಿ ಮಾತ್ರ ಎಂದು ಆ ಪರಂಪರೆಯವರು ದಾಖಲಿಸಿದ್ದಾರೆ. 1963ರಲ್ಲಿ ಅವರು ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದರು. ಅದರ ಮೊದಲ ಗುಡಿ ಬಿದಿರಿನದು.

1419ರಲ್ಲಿ ಲ್ಹಾಸಾ ಬಳಿ ಸ್ಥಾಪಿತವಾದ ಸೆರಾ ಮಹಾವಿಹಾರದ ಭಿಕ್ಷುಗಳ ಮಾರ್ಗ ಭಿನ್ನವಾದುದು. ಅವರಲ್ಲಿ ಅನೇಕರು ಬಂಗಾಳದ ಬಕ್ಸಾ ಶಿಬಿರದಲ್ಲಿ ಒಂದು ದಶಕವನ್ನು ಕಳೆದರು. ಬ್ರಿಟಿಷರ ಕಾಲದ ಆ ಬಂಧನಾಲಯದಲ್ಲಿ ಕ್ಷಯರೋಗ ಹಲವರನ್ನು ಬಲಿ ತೆಗೆದುಕೊಂಡಿತು. ಆದರೂ ಅಧ್ಯಯನ ನಿಲ್ಲಲಿಲ್ಲ. 1970ರ ಸುಮಾರಿಗೆ ಸೆರಾದ ಸುಮಾರು 300 ಭಿಕ್ಷುಗಳು ಬೈಲಕುಪ್ಪೆಗೆ ಬಂದು ಸೇರಿದರು.

ಇಲ್ಲಿ ಎದುರಾದ ಸಮಸ್ಯೆ ಕೇವಲ ವಸತಿಯದಲ್ಲ. ವಿನಯದ ನಿಯಮದಂತೆ ಪೂರ್ಣದೀಕ್ಷಿತ ಭಿಕ್ಷು ನೆಲ ಅಗೆಯುವಂತಿಲ್ಲ, ಗಿಡಮರ ಕಡಿಯುವಂತಿಲ್ಲ. ಟಿಬೆಟ್ಟಿನಲ್ಲಿ ವಿಹಾರಗಳಿಗೆ ಭೂಹಿಡುವಳಿ ಹಾಗೂ ದಾನಿಗಳ ಆಶ್ರಯವಿತ್ತು. ಬೈಲಕುಪ್ಪೆಯಲ್ಲಾದರೋ ಭಿಕ್ಷುಗಳೇ ಕಾಡು ಕಡಿದು ಮುಸುಕಿನ ಜೋಳ ಬೆಳೆಯಬೇಕಾಯಿತು. ಜೀವನೋಪಾಯ ಬದಲಾಯಿತು, ಪಾಠಕ್ರಮ, ತರ್ಕಚರ್ಚೆ, ಸಾಮೂಹಿಕ ಪ್ರಾರ್ಥನೆಗಳು ಬದಲಾಗಲಿಲ್ಲ. ಸಂಘವು ತನ್ನ ಮಠೀಯ ಸ್ವರೂಪವನ್ನು ಉಳಿಸಿಕೊಂಡದ್ದು ಈ ವಿಂಗಡಣೆಯಿಂದಲೇ ಎನ್ನಬಹುದು.

ನಂತರದ ಬೆಳವಣಿಗೆಯೂ ಇದನ್ನೇ ಸಮರ್ಥಿಸುತ್ತದೆ. ನಾಮ್‌ಡ್ರೋಲಿಂಗ್‌ನಲ್ಲಿ 1978ರಲ್ಲಿ ಉನ್ನತ ಶಾಸ್ತ್ರಾಧ್ಯಯನ ಸಂಸ್ಥೆ, 1993ರಲ್ಲಿ ಭಿಕ್ಷುಣಿಯರ ವಿಹಾರ ಆರಂಭವಾದವು. ದೀರ್ಘಕಾಲದ ಏಕಾಂತ ಧ್ಯಾನಕ್ಕೂ ಅಲ್ಲಿ ವ್ಯವಸ್ಥೆಯಾಯಿತು. ಪ್ರವಾಸಿಗರನ್ನು ಸೆಳೆಯುವ ಸುವರ್ಣ ದೇವಾಲಯ ಉದ್ಘಾಟನೆಗೊಂಡದ್ದು 1999ರಲ್ಲಿ, ಅಂದರೆ ಬಿದಿರಿನ ಗುಡಿಯ 36 ವರ್ಷಗಳ ಬಳಿಕ. ಅಧ್ಯಯನಸಂಸ್ಥೆಯ ಎರಡು ದಶಕಗಳ ಅನಂತರ. 2009ರಲ್ಲಿ ಪೆನೋರ್ ರಿಂಪೋಚೆ ಬೈಲಕುಪ್ಪೆಯಲ್ಲಿಯೇ ನಿಧನರಾದರು.

ಈ ಅನುಕ್ರಮ ಗಮನಾರ್ಹವಾದುದು. ಮೊದಲು ನೆಲ, ಬಳಿಕ ಶಿಕ್ಷಣ ಮತ್ತು ಸಾಧನೆ, ಕಡೆಗೆ ಭವ್ಯ ಕಟ್ಟಡ. ಮೈಸೂರು ರಾಜ್ಯ ನೀಡಿದ್ದು ಗುತ್ತಿಗೆಯ ನೆಲವನ್ನು. ಅದನ್ನು ನೆಲೆಯಾಗಿಸಿದ್ದು ಹಗಲು ಹೊಲದಲ್ಲಿ ದುಡಿದೂ ಪಾಠ ಬಿಡದ ಭಿಕ್ಷುಗಳ ಶಿಸ್ತು. ಬೈಲಕುಪ್ಪೆಯ ಚರಿತ್ರೆಯನ್ನು ಸುವರ್ಣ ದೇವಾಲಯದಿಂದ ಆರಂಭಿಸುವ ಬರಹಗಳು ಈ ಮೊದಲ ಅಧ್ಯಾಯವನ್ನು ಕಡೆಗಣಿಸಬಾರದು.