ಕಡಲಿಲ್ಲದ ಕಲ್ಯಾಣದಲ್ಲಿ ಕಡಲ ಮೀನು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ಕಾಣುವುದು ತೊಗರಿ ಹೊಲ, ಕೆಮ್ಮಣ್ಣು, ಬಿಸಿಲು. ಕಡಲು ಇಲ್ಲಿಂದ ಸುಮಾರು 400 ಕಿಲೋಮೀಟರು ದೂರ. ಆದರೂ ಕಡಲ ಮೀನುಗಳನ್ನು ವಿಂಗಡಿಸಿ ವಿವರಿಸಿದ ನಮ್ಮ ಹಳೆಯ ಗ್ರಂಥವೊಂದನ್ನು ಬರೆದವನು ಇದೇ ಬಯಲಿನ ರಾಜಧಾನಿಯಿಂದ ಆಳಿದ ಅರಸ.

ಅವನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ. ಗ್ರಂಥ, ಸಂಸ್ಕೃತದ 'ಮಾನಸೋಲ್ಲಾಸ'. ಕಾಲ ಸುಮಾರು 1129. ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳ ಜೊತೆಗೆ 'ಮತ್ಸ್ಯವಿನೋದ'ವೂ ಇದೆ. ಅರಸನ ಮನರಂಜನೆಗೆ ಗಾಳ ಹಾಕುವುದು ಅಲ್ಲಿನ ವಿಷಯ. ಆದರೆ ಗಾಳಕ್ಕೆ ಮೊದಲು ಮೀನಿನ ಪರಿಚಯವಾಗಬೇಕಲ್ಲ! ಹಾಗಾಗಿ ಸುಮಾರು 35 ಬಗೆಯ ಮೀನುಗಳು ಅಲ್ಲಿ ಬರುತ್ತವೆ. ಕಡಲಿನವು ಯಾವುವು, ಹೊಳೆಯವು ಯಾವುವು, ಯಾವುದಕ್ಕೆ ಹುರುಪೆಯುಂಟು, ಯಾವುದಕ್ಕಿಲ್ಲ, ಯಾವುದಕ್ಕೆ ಯಾವ ತಿನಿಸು ಹಾಕಬೇಕು ಎಂಬ ವಿವರಗಳಿವೆ. 1951ರಲ್ಲಿ ಮತ್ಸ್ಯತಜ್ಞ ಸುಂದರಲಾಲ್ ಹೋರಾ ಇದನ್ನು ವಿಜ್ಞಾನಿಯ ಕಣ್ಣಿನಿಂದ ಓದಿ ಲೇಖನ ಪ್ರಕಟಿಸಿದರು.

ಕಡಲ ಸುದ್ದಿ ಕಲ್ಯಾಣಕ್ಕೆ ಬಂದದ್ದು ಹೇಗೆ? ಆಸ್ಥಾನಕ್ಕೆ ಕಡಲು ತೀರಾ ಅಪರಿಚಿತವಾಗಿರಲಿಲ್ಲ. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯ ತನ್ನ ಮಗಳು ಮೈಲಲದೇವಿಯನ್ನು ಗೋವೆಯ ಕದಂಬರ ಇಮ್ಮಡಿ ಜಯಕೇಶಿಗೆ ಕೊಟ್ಟಿದ್ದ. ಬೀಗರ ಊರಾದ ಗೋಪಕಪಟ್ಟಣ ಹಡಗು ತಂಗುವ ರೇವು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇಗುಲದ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು ಏಳು ದ್ವೀಪಗಳ ಭೂಮಿ ವಿಕ್ರಮಾದಿತ್ಯನಿಗೆ ಸೇರುವ ಮಾತನ್ನೇ. ಅದು ಪುರಾಣದ ಲೆಕ್ಕ, ನಿಜ. ಆದರೆ ಮೀನಿನ ಹುರುಪೆಯ ಲೆಕ್ಕ ಪುರಾಣದಿಂದ ಬರುವುದಿಲ್ಲ; ಬಲೆ ಎಳೆದ ಕೈಯಿಂದಲೇ ಬರಬೇಕು.

ಇಲ್ಲಿ ನನಗೆ ನೆನಪಾಗುವುದು ಮೆಡಿಟರೇನಿಯನ್ನಿನ ಲೆಸ್ಬೋಸ್ ದ್ವೀಪ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅರಿಸ್ಟಾಟಲ್ ಅಲ್ಲಿನ ಪಿರ್ರಾ ಹಿನ್ನೀರಿನ ಜೀವಿಗಳನ್ನು ಗಮನಿಸಿ ಬರೆದ. ಆನೆಯ ಸೊಂಡಿಲನ್ನು ವಿವರಿಸುವಾಗ, ಮುಳುಗುಗಾರರು ನೀರಿನ ಮೇಲಿನ ಗಾಳಿ ಎಳೆದುಕೊಳ್ಳಲು ಬಳಸುವ ಸಾಧನಕ್ಕೆ ಹೋಲಿಸಿದ. ಮೀನುಗಾರರ ಮಾತನ್ನು ಅವನು ಮತ್ತೆ ಮತ್ತೆ ಆಧಾರವಾಗಿ ತೆಗೆದುಕೊಳ್ಳುತ್ತಾನೆ. ಆದರೆ ಆ ಮೀನುಗಾರರು, ಮುಳುಗುಗಾರರು ಯಾರು? ಹೆಸರಿಲ್ಲ. ಸೋಮೇಶ್ವರನಿಗೆ 'ಸರ್ವಜ್ಞ' ಎಂಬ ಬಿರುದಿತ್ತು; ಅವನಿಗೆ ಮೀನು ತಿಳಿಸಿದವರಿಗೆ ಅವನ ಪುಟಗಳಲ್ಲಿ ಹೆಸರೂ ಇಲ್ಲ.

ಇದನ್ನು ಎಲ್ಲ ಕಾಲದ ಕಥೆ ಎಂದು ಬಿಟ್ಟುಬಿಡಬಹುದಿತ್ತು. ಬಿಡಲಾಗದಂತೆ ಮಾಡಿದ್ದು ಕಲ್ಯಾಣವೇ. ಕೆಲವೇ ದಶಕಗಳಲ್ಲಿ, ಅದೇ ಊರಿನ ಶರಣರ ನಡುವೆ, ತುಂಗಭದ್ರೆಯ ದಡದ ದೋಣಿಗಾರನೊಬ್ಬ ಮಾತನಾಡಿದ. ಬೇರೆ ವಚನಕಾರರಲ್ಲಿ ಬಹುಮಂದಿ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಈತ ತನ್ನ ಕಸುಬನ್ನೂ ಹೆಸರನ್ನೂ ಸೇರಿಸಿ ಅಂಬಿಗರ ಚೌಡಯ್ಯ ಎಂದೇ ಸಹಿ ಹಾಕಿದ. ಅರಸನ ಗ್ರಂಥದಲ್ಲಿ ಹೆಸರಿಲ್ಲದೆ ಉಳಿದ ನೀರಿನ ಜನ ಇಲ್ಲಿ ತಾವೇ ಕರ್ತೃಗಳಾದರು. ಶರಣ ಚಳವಳಿಯ ದೊಡ್ಡತನವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಈ ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ.

ಇಂದು ಕಡಲ ಮೀನನ್ನು ನೋಡಲು ಗಾಳ ಬೇಕಿಲ್ಲ. 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾಂ ರೂಪಿಸಿದ ಉಸಿರಾಟದ ಸಾಧನದಿಂದ ಸ್ಕೂಬಾ ಡೈವಿಂಗ್ ಬೆಳೆಯಿತು. ನಮ್ಮಲ್ಲೂ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗಿದವರಿಗೆ ಹವಳ, ಗಿಳಿಮೀನು, ಚಿಟ್ಟೆಮೀನು ಎದುರಾಗುತ್ತವೆ. ಒಮ್ಮೊಮ್ಮೆ ತಿಮಿಂಗಿಲ ಶಾರ್ಕ್ ಕೂಡ. ಸಾಯಿಸದೆ ನೋಡುವ ಈ ವಿನೋದ ಸೋಮೇಶ್ವರನ ವಿನೋದಕ್ಕಿಂತ ಒಳ್ಳೆಯದೇ. ಆದರೆ ಆ ಮೀನುಗಳನ್ನು ನಾವು ಇಂಗ್ಲಿಷ್ ಹೆಸರಿನಿಂದ, ಇಲ್ಲವೆ ನಾನು ಮೇಲೆ ಮಾಡಿದಂತೆ ಅದರ ಅನುವಾದದಿಂದ ಕರೆಯುತ್ತೇವೆ. ದೋಣಿ ನಡೆಸುವವರ ಬಾಯಲ್ಲಿ ಅವಕ್ಕೆ ಬೇರೆ ಹೆಸರುಗಳಿವೆ. ಅವನ್ನು ಕೇಳಿ ಬರೆದುಕೊಳ್ಳುವಾಗ ಹೇಳಿದವರ ಹೆಸರನ್ನೂ ಬರೆದುಕೊಳ್ಳುವುದು, ಚೌಡಯ್ಯನನ್ನು ಓದಿದ ನಮ್ಮ ಮೇಲಿರುವ ಸಾಲ.