ಲ್ಯಾಪ್‌ಟಾಪ್ ಬ್ಯಾಕಪ್‌ಗೆ ಎಷ್ಟು ವೇಗದ ಎಕ್ಸ್‌ಟರ್ನಲ್ ಡಿಸ್ಕ್ ಬೇಕು?

ಥಾಣೆ-ಬೇಲಾಪುರ ರಸ್ತೆಯ ಮಗ್ಗುಲಲ್ಲಿರುವ ಮಹಾಪೆ ಒಂದು ಕಾಲಕ್ಕೆ ಎಂಐಡಿಸಿ ಕಾರ್ಖಾನೆಗಳಿಂದಲೇ ಪರಿಚಿತವಾಗಿದ್ದ ಪ್ರದೇಶ. ಇಂದು ಅಲ್ಲಿ ಮಿಲೇನಿಯಂ ಬಿಸಿನೆಸ್ ಪಾರ್ಕ್‌ನ ಕಚೇರಿಗಳೂ ದೊಡ್ಡ ಡೇಟಾ ಸೆಂಟರ್‌ಗಳೂ ನೆಲೆಗೊಂಡಿವೆ. ಒಂದು ಯಂತ್ರ ಕೆಟ್ಟರೂ ಮಾಹಿತಿ ಉಳಿಯುವಂತೆ ಪ್ರತಿಗಳನ್ನು ಕಾಯ್ದಿಡುವುದು ಅಲ್ಲಿನ ನಿತ್ಯದ ಕಾಯಕ. ಆದರೆ ಡೊಂಬಿವಲಿ, ಕಲ್ಯಾಣ, ಥಾಣೆಗಳಿಂದ ಅಲ್ಲಿಗೆ ದುಡಿಯಲು ಹೋಗುವ ನಮ್ಮ ಮಕ್ಕಳ ಮನೆಗಳಲ್ಲಿ ಮದುವೆಯ ಚಿತ್ರಗಳು, ಅಜ್ಜಿಯ ಧ್ವನಿ, ಮನೆಪತ್ರಗಳ ಸ್ಕ್ಯಾನ್ ಎಲ್ಲವೂ ಎಷ್ಟೋ ವೇಳೆ ಒಂದೇ ಲ್ಯಾಪ್‌ಟಾಪಿನಲ್ಲಿರುತ್ತವೆ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಾವಾರೂ ಮರೆತಿಲ್ಲ. ಅಂದು ನೀರು ನುಗ್ಗಿದ ಮನೆಗಳಲ್ಲಿ ಪೀಠೋಪಕರಣಗಳನ್ನು ಮತ್ತೆ ಕೊಳ್ಳಬಹುದಾಗಿತ್ತು, ಚಿತ್ರಗಳನ್ನಲ್ಲ. ಆದ್ದರಿಂದ ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳುವವರು ಅಂಗಡಿಯಲ್ಲಿ ಕೇಳುವ '5400 ಬೇಕೋ, 7200 ಬೇಕೋ' ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸೋಣ.

ಯಾವ ವೇಗ?

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತಿರುತ್ತವೆ. 5400, 7200 ಎಂಬುವು ಆ ತಟ್ಟೆಗಳು ನಿಮಿಷಕ್ಕೆ ಸುತ್ತುವ ಸಂಖ್ಯೆಗಳು. ಅಂಗೈಯಗಲದ ಎರಡೂವರೆ ಅಂಗುಲದ ಡಿಸ್ಕುಗಳು ಬಹುಮಟ್ಟಿಗೆ 5400ರ ವರ್ಗದವು. ಅವು ಸೆಕೆಂಡಿಗೆ ಸುಮಾರು 100ರಿಂದ 130 ಮೆಗಾಬೈಟ್ ಬರೆಯಬಲ್ಲವು. ಮೇಜಿನ ಮೇಲಿಡುವ ಮೂರೂವರೆ ಅಂಗುಲದ 7200ರ ಡಿಸ್ಕುಗಳು 150 ಮೆಗಾಬೈಟ್ ದಾಟುತ್ತವೆ. ಆದರೆ ಅವಕ್ಕೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯು 400 ಮೆಗಾಬೈಟನ್ನು ಸುಲಭವಾಗಿ ಮುಟ್ಟುತ್ತದೆ.

ಇವೆಲ್ಲಕ್ಕೂ ಮೊದಲು ನೋಡಬೇಕಾದುದು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಯನ್ನು. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ 30-40 ಮೆಗಾಬೈಟಿಗಿಂತ ಹೆಚ್ಚು ಹರಿಯದು. ಅದಕ್ಕೆ 7200ರ ಡಿಸ್ಕ್ ಜೋಡಿಸಿದರೆ ಶಿಲ್‌ಫಾಟಾದ ವಾಹನ ದಟ್ಟಣೆಯಲ್ಲಿ ಸಿಲುಕಿದ ಹೊಸ ಕಾರಿನ ಸ್ಥಿತಿಯೇ ಅದರದೂ ಆಗುತ್ತದೆ. ಯುಎಸ್‌ಬಿ 3.0 ಕಿಂಡಿಯ ಒಳಭಾಗ ಸಾಮಾನ್ಯವಾಗಿ ನೀಲಿಯಾಗಿರುತ್ತದೆ. ಪೆಟ್ಟಿಗೆಯ ಮೇಲೆ '3.2 ಜೆನ್ 1' ಎಂದಿದ್ದರೆ ಅದೂ ಅದೇ 5 ಗಿಗಾಬಿಟ್ ವೇಗದ ಇನ್ನೊಂದು ಹೆಸರು. ಬಿಟ್ ಎಂಬುದು ಬೈಟಿನ ಎಂಟನೆಯ ಒಂದು ಭಾಗ ಎಂಬುದು ನೆನಪಿರಲಿ.

ಲೆಕ್ಕ ಹಾಕಿ ನೋಡೋಣ

300 ಗಿಗಾಬೈಟಿನ ಮೊದಲ ಬ್ಯಾಕಪ್‌ಗೆ ತಗಲುವ ಸಮಯ ಸರಿಸುಮಾರು ಹೀಗಿದೆ:

ಯುಎಸ್‌ಬಿ 2.0, ಯಾವುದೇ ಡಿಸ್ಕ್ – 2 ಗಂಟೆ 20 ನಿಮಿಷ
ಯುಎಸ್‌ಬಿ 3.0, 5400 – 45 ನಿಮಿಷ
ಯುಎಸ್‌ಬಿ 3.0, 7200 – 30 ನಿಮಿಷ
ಯುಎಸ್‌ಬಿ 3.0, ಎಸ್‌ಎಸ್‌ಡಿ – 13 ನಿಮಿಷ

ಸಾವಿರಾರು ಚಿಕ್ಕ ಕಡತಗಳಿದ್ದರೆ, ಅದರಲ್ಲಿಯೂ ತಿರುಗುವ ಡಿಸ್ಕುಗಳಲ್ಲಿ, ಈ ಸಮಯ ಬಹಳಷ್ಟು ಹೆಚ್ಚುತ್ತದೆ. ಆದರೂ ಮೊದಲ ಬ್ಯಾಕಪ್ ಒಮ್ಮೆಯ ಕೆಲಸ. ರಾತ್ರಿ ಮಲಗುವ ಮುನ್ನ ಆರಂಭಿಸಿದರೆ ಸಾಕು. ಅನಂತರ ವಿಂಡೋಸಿನ ಫೈಲ್ ಹಿಸ್ಟರಿಯಾಗಲಿ ಮ್ಯಾಕಿನ ಟೈಮ್ ಮೆಷಿನ್ ಆಗಲಿ ಬದಲಾದ ಕಡತಗಳನ್ನಷ್ಟೇ ನಕಲಿಸುತ್ತದೆ. ವಾರಕ್ಕೆ 5 ಗಿಗಾಬೈಟ್ ಸೇರಿತೆಂದರೂ 5400ರ ಡಿಸ್ಕಿಗೆ ಮುಕ್ಕಾಲು ನಿಮಿಷ, 7200ರದಕ್ಕೆ ಅರ್ಧ ನಿಮಿಷ ಸಾಕು. ಆ ಕಾಲು ನಿಮಿಷಕ್ಕಾಗಿ ಹೆಚ್ಚಿನ ಹಣ ತೆರಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಯಾರಿಗೆ ಯಾವುದು?

ಮನೆಯಲ್ಲಿಯೇ ಇಡುವ ಬ್ಯಾಕಪ್‌ಗೆ ಯುಎಸ್‌ಬಿ 3.0ರ ಸಾಧಾರಣ 5400 ಡಿಸ್ಕ್ ಯೋಗ್ಯ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ದಿನವೂ ಚೀಲದಲ್ಲಿ ಒಯ್ಯುವವರಿಗೆ ಎಸ್‌ಎಸ್‌ಡಿ ಲೇಸು. ಕಾರಣ ವೇಗವಲ್ಲ, ಪೆಟ್ಟು ತಾಳುವ ಗುಣ. ಆದರೆ ಅದನ್ನು ವರ್ಷಗಟ್ಟಲೆ ವಿದ್ಯುತ್ ಕೊಡದೆ ಕಪಾಟಿನಲ್ಲಿಟ್ಟರೆ ಮಾಹಿತಿ ಅಳಿಯುವ ಸಂಭವವಿದೆ. ದೊಡ್ಡ ವಿಡಿಯೋಗಳನ್ನು ಡಿಸ್ಕಿನಿಂದಲೇ ತೆರೆದು ಸಂಪಾದಿಸುವವರಿಗೆ ಮಾತ್ರ ವೇಗ ನಿಜಕ್ಕೂ ಮುಖ್ಯ. ಕಚೇರಿಯ ಲ್ಯಾಪ್‌ಟಾಪಿಗೆ ಸ್ವಂತ ಡಿಸ್ಕ್ ಜೋಡಿಸುವ ಮೊದಲು ಅಲ್ಲಿನ ನಿಯಮವನ್ನು ವಿಚಾರಿಸತಕ್ಕದ್ದು.

ಉಳಿದ ಹಣಕ್ಕೆ ಎರಡನೆಯ ಡಿಸ್ಕ್

ವೇಗಕ್ಕೆ ಸುರಿಯುವ ಹಣವನ್ನು ಕೂಡಿಸಿ ಎರಡನೆಯ ಡಿಸ್ಕ್ ಕೊಳ್ಳುವುದು ಜಾಣತನ. ಒಂದೇ ಮನೆಯ ಒಂದೇ ಕಪಾಟಿನಲ್ಲಿರುವ ಎರಡು ಪ್ರತಿಗಳು ನೆರೆಗೂ ಬೆಂಕಿಗೂ ಕಳ್ಳತನಕ್ಕೂ ಒಂದೇ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಊರಿನಲ್ಲೊಂದು ಮನೆಯಿರುವುದು ಇಲ್ಲಿ ವರವೇ ಸರಿ. ಬೇಸಗೆ ರಜೆಗೋ ಹಬ್ಬಕ್ಕೋ ಊರಿಗೆ ಹೋಗುವಾಗ ಹೊಸದಾಗಿ ತುಂಬಿದ ಡಿಸ್ಕನ್ನು ಅಲ್ಲಿಟ್ಟು, ಹಿಂದಿನ ಸಲ ಇಟ್ಟದ್ದನ್ನು ಮರಳಿ ತರಬಹುದು. ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು.

ಬ್ಯಾಕಪ್ ಮುಗಿದೊಡನೆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬೇರ್ಪಡಿಸಬೇಕು. ಜೋಡಿಸಿಯೇ ಬಿಟ್ಟರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಅದನ್ನೂ ಬಿಡದು. ವರ್ಷಕ್ಕೆರಡು ಬಾರಿ ಒಂದೆರಡು ಚಿತ್ರಗಳನ್ನು ಡಿಸ್ಕಿನಿಂದ ತೆರೆದು ಪರೀಕ್ಷಿಸುವುದೂ ಅಗತ್ಯ. ಮಾರ್ಚ್ 31ನ್ನು 2011ರಿಂದ ವಿಶ್ವ ಬ್ಯಾಕಪ್ ದಿನವೆಂದು ಆಚರಿಸಲಾಗುತ್ತಿದೆ. ನಾವಾದರೋ ಮುಂಗಾರಿಗೆ ಮುನ್ನ ಕೊಡೆ ದುರಸ್ತಿ ಮಾಡಿಸುವಾಗ ಈ ಕೆಲಸವನ್ನೂ ನೆನಪಿಸಿಕೊಂಡರೆ ಸಾಕು.